ನಾಲ್ಕು ವೋಟು ಕಮ್ಮಿ

ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅಂಗಿಯ ಗುಂಡಿಗೆ ದಾರದಿಂದ ಕಟ್ಟಿಕೊಂಡು ಬರುವುದು ನಮ್ಮೂರಿನ ಪದ್ಧತಿ. ಕಟ್ಟಿಕೊಳ್ಳದವರು ಮೈಯಲ್ಲಿ ಜ್ವರ ಇಟ್ಟುಕೊಂಡೇ ಚೀಟಿಯ ಹಿಂದೆ ಬೀದಿಯುದ್ದ ಓಡಬೇಕಾಗುತ್ತದೆ. ಪೆನ್ನಿನದಾಗಲಿ ಪೆನ್ಸಿಲ್ಲಿನದಾಗಲಿ, ಮನುಷ್ಯರ ಕೈಯಿಂದ ಒಂದು ಗೀರು ಬಿದ್ದರೆ ಸಾಕು, ನಮ್ಮೂರಿನಲ್ಲಿ ಕಾಗದ ಕೆಳಗೆ ನಿಲ್ಲುವುದಿಲ್ಲ. ಮೆಲ್ಲಗೆ ಎದ್ದು ಸೂರು ಸೇರುತ್ತದೆ. ಅಚ್ಚಾದ ಪತ್ರಿಕೆ ಏಳುವುದಿಲ್ಲ, ರಬ್ಬರ್ ಮೊಹರು ಒತ್ತಿದ್ದೂ ಏಳುವುದಿಲ್ಲ. ಕೈಬರಹ ಮಾತ್ರ ಏಳುತ್ತದೆ. ಹೀಗಾಗಿ ಮನೆಮನೆಯಲ್ಲೂ ಬಾಗಿಲ ಹಿಂದೆ, ಮಾವಿನಕಾಯಿ ಕೀಳುವಂಥ ಒಂದು ದೋಟಿ ಒರಗಿರುತ್ತದೆ. ದಿನಸಿ ಪಟ್ಟಿ ಬೇಕೆಂದರೆ ದೋಟಿಯಿಂದ ಎಳೆದುಕೊಳ್ಳುತ್ತೇವೆ. ಮಕ್ಕಳು ಕಾಪಿ ಪುಸ್ತಕದ ಮೂಲೆಗೆ ಕಲ್ಲಿಟ್ಟು ಬರೆಯುತ್ತಾರೆ, ಹೋಂವರ್ಕ್ ಮಾಡದವರು "ಕಿಟಕಿ ತೆಗೆದಿತ್ತು ಸಾರ್" ಎನ್ನುತ್ತಾರೆ. ಹೆಣ್ಣು ನೋಡಲು ಹೋದವರು ಬಣ್ಣಕ್ಕಿಂತ ಮೊದಲು ಎತ್ತರ ನೋಡುತ್ತಾರೆ. ನಾನು ಕುಳ್ಳಿ. ನಮ್ಮತ್ತೆ ಸಿದ್ದವ್ವ ಅದನ್ನು ಇವತ್ತಿಗೂ ಮರೆತಿಲ್ಲ.

ನನ್ನ ಹೆಸರು ಚೆನ್ನಾಜಿ. ಆಸ್ಪತ್ರೆ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ. ಮಾತ್ರೆ ಎಣಿಸಿ ಲಕೋಟೆಗೆ ಹಾಕುವ ಮೊದಲು ಇನ್ನೊಮ್ಮೆ ಎಣಿಸುತ್ತೇನೆ. ಹಾಕಿದ ಮೇಲೆ ಅನುಮಾನ ಬಂದು ಸುರಿದು ಮತ್ತೆ ಎಣಿಸಿದ್ದೂ ಉಂಟು. "ಚೆನ್ನಾಜಕ್ಕ ಎಣಿಸಿ ಮುಗಿಸೋದ್ರೊಳಗೆ ಕೆಮ್ಮು ತಾನಾಗೇ ವಾಸಿ" ಎಂದು ಗಿರಾಕಿಗಳು ನಗುತ್ತಾರೆ. ನನಗೂ ನಗು ಬರುತ್ತದೆ, ಆದರೆ ಎಣಿಸುವುದನ್ನು ಬಿಡಲಾಗುವುದಿಲ್ಲ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಮರಳಿ ಬಂದು ಬೀಗ ಜಗ್ಗಿ ನೋಡುವ ಜಾತಿ ನನ್ನದು.

ಈ ಸ್ವಭಾವವೇ ನನ್ನನ್ನು ಕಾಯ್ದೆ ಕಾನೂನಿನ ಮಧ್ಯೆ ತಂದು ನಿಲ್ಲಿಸಿತು. ಮದುವೆಯಾದ ಎಷ್ಟೋ ವರ್ಷದ ಮೇಲೆ ಸಂಜೆ ಶಾಲೆಗೆ ಸೇರಿ ಹತ್ತನೇ ತರಗತಿ ಓದುತ್ತಿದ್ದೆ. ಒಂದು ದಿನ ಮೇಷ್ಟ್ರು, ನಗರಸಭೆಗೆ ಒಂದು ಅರ್ಜಿ ಬರೆಯಿರಿ ಎಂದರು. ನಲ್ಲಿ, ಬೀದಿದೀಪ, ಹಂದಿ ಕಾಟ, ಎಲ್ಲವನ್ನೂ ಮುಂದಿನ ಬೆಂಚಿನವರು ಬರೆದು ಮುಗಿಸಿದ್ದರು. ನನಗೆ ಉಳಿದದ್ದು ಚುನಾವಣೆ. ಹಿಂದಿನ ಚುನಾವಣೆಯಿಂದ ನಮ್ಮೂರಿನಲ್ಲಿ ವೋಟು ಎಣಿಸುವುದಕ್ಕೆ ಹೊರಗಿನಿಂದ ಒಂದು ಯಂತ್ರ ತರಿಸಿದ್ದರು. ನಾವು ಚೀಟಿಯ ಮೇಲೆ ಗೀರೆಳೆದು ಅದರ ಬಾಯಿಗೆ ಕೊಡುತ್ತೇವೆ. ಅದು ಓದಿಕೊಂಡು, ಚೀಟಿಯನ್ನು ತನ್ನ ಕೆಳಗಿನ ಪೆಟ್ಟಿಗೆಗೆ ನೂಕುತ್ತದೆ. ಸಂಜೆ ಇಷ್ಟು, ಅಷ್ಟು ಎಂದು ತೋರಿಸುತ್ತದೆ. ಮಾರನೇ ದಿನ ಪೆಟ್ಟಿಗೆಗಳನ್ನು ಗುಡ್ಡದ ಮೇಲೆ ಒಯ್ದು ಮುಚ್ಚಳ ತೆರೆದರೆ ಊರಿನ ವೋಟೆಲ್ಲ ಆಕಾಶಕ್ಕೆ ಹೋಗುತ್ತದೆ. ನೋಡಲು ಬಹಳ ಚೆಂದ, ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಅರ್ಜಿಯಲ್ಲಿ ಬರೆದದ್ದು ಇಷ್ಟೇ: "ಹಾರಿಬಿಡುವ ಮೊದಲು ಕೈಯಲ್ಲಿ ಒಮ್ಮೆ ಎಣಿಸಿದರೆ ಏನು ತೊಂದರೆ? ಯಂತ್ರದ ಮೇಲೆ ಅನುಮಾನವಿಲ್ಲ, ಆದರೂ ಎಣಿಸಬೇಕು." ಹತ್ತಕ್ಕೆ ಆರು ಅಂಕ ಕೊಟ್ಟ ಮೇಷ್ಟ್ರು, ಎಲ್ಲ ಅರ್ಜಿಗಳನ್ನೂ ನಿಜವಾಗಿಯೇ ನಗರಸಭೆಗೆ ಕೊಟ್ಟುಬಿಟ್ಟರು!

ನಗರಸಭೆಯ ಅಧ್ಯಕ್ಷರು ಖಾದರ್ ಸಾಹೇಬರು. ಅವರು ನನ್ನ ಅರ್ಜಿ ಓದಿ, ಕಾಯ್ದೆಯ ಕರಡು ಮಾಡಿಸಿ ಸಭೆಗೆ ತಂದರು. ಅಂದು ನಾನು ಹಿಂದಿನ ಸಾಲಿನಲ್ಲಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ. ನಮ್ಮದೇ ವಾರ್ಡಿನ ಸದಸ್ಯ ತಿಪ್ಪೇರುದ್ರಣ್ಣ ಎದ್ದು ನಿಂತು, "ಹಾಗಾದ್ರೆ ಯಂತ್ರ ಯಾಕೆ ಬೇಕಿತ್ತು? ಮನೆಗೆ ಮಿಕ್ಸಿ ತಂದ್ಕೊಂಡು ಮತ್ತೆ ಒರಳಲ್ಲಿ ರುಬ್ಬಿ ನೋಡ್ತೀರಾ?" ಎಂದು ಕೇಳಿದರು. ಹೆಂಗಸರ ಕಡೆಯಿಂದ ಯಾರೋ, "ರುಬ್ಬಿ ನೋಡಿದ್ರೇನೇ ಗೊತ್ತಾಗೋದು, ಚಟ್ನಿ ಯಾವುದು ಚೆಂದ ಅಂತ" ಎಂದು ಕೂಗಿದರು. ಸಭೆ ನಕ್ಕಿತು. ತಿಪ್ಪೇರುದ್ರಣ್ಣ ನಗಲಿಲ್ಲ. ಕೊನೆಗೆ ಅವರೇ ಒಂದು ಕಲಂ ಸೇರಿಸಿದ ಮೇಲೆ ಕೈ ಎಣಿಕೆ ಕಾಯ್ದೆ ಒಂದೇ ಒಂದು ಚುನಾವಣೆಯ ಮಟ್ಟಿಗೆ ಪಾಸಾಯಿತು. ಲಾಟರಿ ಎತ್ತಿ ಒಂದು ವಾರ್ಡು ಆರಿಸಬೇಕು. ಆ ವಾರ್ಡಿನ ಇಬ್ಬರು ಮತದಾರರೇ, ಅವರನ್ನೂ ಲಾಟರಿ ಎತ್ತಿಯೇ ಆರಿಸಿ, ಎಲ್ಲರ ಕಣ್ಣೆದುರು ಬರಿಗೈಯಲ್ಲಿ ಎಣಿಸಬೇಕು. ಲೆಕ್ಕ ಕೂಡಿದರೆ ಕಾಯ್ದೆ ಕಾಯಂ. ಕೂಡದಿದ್ದರೆ ಸೂರ್ಯ ಮುಳುಗುವುದರೊಳಗೆ ಕಾರಣ ಹುಡುಕಬೇಕು; ಕಾರಣ ಸಿಕ್ಕರೆ ಕೈ ಲೆಕ್ಕವೇ ಖರೆ, ಕಾಯ್ದೆಯೂ ಕಾಯಂ. ಸಿಗದಿದ್ದರೆ ಯಂತ್ರದ ಮಾತೇ ಕೊನೆಯದು, ಕಾಯ್ದೆ ರದ್ದು, ಇನ್ನು ಮುಂದೆ ಅದರ ಸುದ್ದಿ ಎತ್ತಬಾರದು. ಈ ಕೊನೆಯದು ತಿಪ್ಪೇರುದ್ರಣ್ಣನ ಕಲಂ.

ಲಾಟರಿಯಲ್ಲಿ ನಮ್ಮ ವಾರ್ಡೇ ಬಂತು. ಎಣಿಸುವವರಲ್ಲಿ ಮೊದಲು ಬಂದದ್ದು ಸಲೂನಿನ ನಂಜುಂಡನ ಹೆಸರು. ಎರಡನೆಯದು ನನ್ನದು.

"ಒಳ್ಳೇದೇ ಆಯ್ತು ಬಿಡು," ಎಂದರು ಅತ್ತೆ. "ಮನೇಲಿ ಹಪ್ಪಳ ಎಣಿಸಿ ಎಣಿಸಿ ನನ್ನ ಪ್ರಾಣ ತಿಂತಿದ್ದೆ. ಊರವರೂ ಸ್ವಲ್ಪ ಅನುಭವಿಸ್ಲಿ."

"ಅತ್ತೆ, ತಪ್ಪಾದ್ರೆ?"

"ತಪ್ಪಾದ್ರೆ ತಪ್ಪಾಯ್ತು. ನಿನ್ನ ಮದುವೆ ಮಾಡ್ಕೊಂಡಾಗ ನಾವು ಸುಧಾರಿಸ್ಕೊಳ್ಲಿಲ್ವಾ?"

ಎಣಿಕೆಯ ದಿನ ಟೌನ್ ಹಾಲಿನಲ್ಲಿ ಮದುವೆ ಮನೆಯ ಸಂಭ್ರಮ. ಹಾಲಿನ ಉದ್ದಕ್ಕೂ ಕೈಗೆಟುಕುವ ಎತ್ತರದಲ್ಲಿ ಮೀನಿನ ಬಲೆ ಬಿಗಿದು ಕಟ್ಟಿದ್ದರು, ನನ್ನ ಕಾಲ ಕೆಳಗೆ ಮಾತ್ರ ಒಂದು ಮಣೆ. ಒಂದು ಕಡೆ ತಿಪ್ಪೇರುದ್ರಣ್ಣ ಇಸ್ತ್ರಿ ಬಟ್ಟೆಯಲ್ಲಿ, ಇನ್ನೊಂದು ಕಡೆ ಚುನಾವಣೆಯಲ್ಲಿ ಅವರಿಗೆ ಎದುರಾಳಿಯಾದ ಲಿಲ್ಲಿ ಟೀಚರ್ ಕೊಡೆ ಹಿಡಿದು ಕೂತಿದ್ದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು ಲಿಲ್ಲಿ ಟೀಚರ್. ಈಗಲೂ ಅವರು ಕೆಮ್ಮಿದರೆ ಮೀಸೆ ಹೊತ್ತ ಗಂಡಸರು ಕೈ ಕಟ್ಟಿ ಕೂರುತ್ತಾರೆ. ಮೂಲೆಯಲ್ಲಿಟ್ಟಿದ್ದ ಯಂತ್ರ ಹಿಂದಿನ ಸಂಜೆಯೇ ಹೇಳಿತ್ತು: ತಿಪ್ಪೇರುದ್ರಣ್ಣನಿಗೆ ನಾನೂರ ಹದಿನೆಂಟು, ಲಿಲ್ಲಿ ಟೀಚರಿಗೆ ನಾನೂರ ಹದಿಮೂರು.

ಖಾದರ್ ಸಾಹೇಬರು ಪೆಟ್ಟಿಗೆಯ ಅರಗಿನ ಮುದ್ರೆ ಒಡೆದು ಮುಚ್ಚಳ ತೆಗೆದರು. ಬೆಳ್ಳಕ್ಕಿಯ ಹಿಂಡು ಎದ್ದ ಹಾಗೆ ಒಮ್ಮೆಗೇ ಚೀಟಿಗಳು ಎದ್ದವು. ಎದ್ದು, ಬಲೆಗೆ ಹೊಟ್ಟೆ ತಾಗಿಸಿ, ನಮ್ಮೆಲ್ಲರ ತಲೆಯ ಮೇಲೆ ಅಲುಗಾಡುತ್ತ ನಿಂತವು. ಜನ ಚಪ್ಪಾಳೆ ತಟ್ಟಿದರು. ಪ್ರತಿಯೊಂದರ ಮೇಲೂ ಯಾರೋ ಒಬ್ಬರು ಎಳೆದ ಗೀರು. ಕೆಲವು ಗೀರು ಗಟ್ಟಿ, ಕೆಲವು ನಡುಗಿದ್ದು, ಒಂದರಲ್ಲಿ ಗೀರಿನ ಬದಲು ಹೂವು. ನನ್ನ ಅರ್ಜಿಯನ್ನು ಬರೆದದ್ದು ಸಾರ್ಥಕ ಅನ್ನಿಸಿತು. ಮರುಕ್ಷಣವೇ, ಬಲೆಯಲ್ಲಿ ಎಲ್ಲಾದರೂ ತೂತಿದ್ದರೆ ಎಂಬ ಅನುಮಾನ ಹತ್ತಿಕೊಂಡಿತು.

ನಾನು ಒಂದೊಂದೇ ಕಿತ್ತು ಹೆಸರು ಕೂಗುವುದು, ನಂಜುಂಡ ಅದನ್ನು ಜನರಿಗೆ ತೋರಿಸಿ ಕಲ್ಲಿನ ಕೆಳಗಿಡುವುದು. ಮೊದಮೊದಲು ಪ್ರತಿ ಹೆಸರಿಗೂ ಕೇಕೆ ಬೀಳುತ್ತಿತ್ತು. ಆಮೇಲೆ ಜನ ಕಡ್ಲೆಪುರಿ ತಿನ್ನಲು ಶುರುಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬಲೆ ಖಾಲಿಯಾಯಿತು. ಲಿಲ್ಲಿ ಟೀಚರಿಗೆ ನಾನೂರ ಹದಿಮೂರು, ಸರಿ. ತಿಪ್ಪೇರುದ್ರಣ್ಣನಿಗೆ ನಾನೂರ ಹದಿನಾಲ್ಕು.

ನಾಲ್ಕು ಕಮ್ಮಿ.

ಜನರಿಗೆ ಇನ್ನೂ ಹೇಳಿರಲಿಲ್ಲ. ಕಟ್ಟುಗಳನ್ನು ಮತ್ತೆ ಎಣಿಸಿದೆವು. ಜಾಗ ಬದಲಾಯಿಸಿ, ನಂಜುಂಡ ಕೂಗಿ ನಾನು ತೋರಿಸಿ, ಇನ್ನೊಮ್ಮೆ ಎಣಿಸಿದೆವು. ನಾನೂರ ಹದಿನಾಲ್ಕೇ.

ನಂಜುಂಡ ಕಲ್ಲು ಸರಿಮಾಡುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿದ. ಅವನು ಕೆಟ್ಟವನಲ್ಲ, ಈ ಕಾಯ್ದೆಗಾಗಿ ಸಲೂನಿನಲ್ಲಿ ಗಿರಾಕಿಗಳ ಅರ್ಧ ಬೋಳಿಸಿದ ಗಡ್ಡ ಹಿಡಿದುಕೊಂಡು ವಾದ ಮಾಡಿದವನು. "ಅಕ್ಕ, ಹದಿನೆಂಟು ಅಂದ್ಬಿಡು."

"ಹದಿನಾಲ್ಕಿದೆಯಲ್ಲೋ."

"ಇರ್ಲಿ. ಯಾರು ಗೆದ್ರು ಅನ್ನೋದೇನೂ ಬದಲಾಗಲ್ಲ. ಲೆಕ್ಕ ಕೂಡ್ತು ಅಂದ್ರೆ ಕಾಯ್ದೆ ಉಳೀತದೆ. ಹದಿನಾಲ್ಕು ಅಂದ್ರೆ ಈಗ್ಲೇ ಕಾರಣ ಕೇಳ್ತಾರೆ. ನಿಂಗೊತ್ತಾ ಕಾರಣ? ನಂಗೂ ಗೊತ್ತಿಲ್ಲ. ಹೊತ್ತು ಮುಳುಗಿದ್ರೆ ನಿನ್ನ ಕಾಯ್ದೆನೂ ಮುಳುಗ್ತು. ಮುಂದಿನ ಸಲ ಬೇಕಾದ್ರೆ ಸರಿಯಾಗಿ ಎಣಿಸೋಣ."

ನಾನು ಸುಳ್ಳು ಹೇಳುವುದಿಲ್ಲ ಎಂದು ಎದೆ ತಟ್ಟಿ ಹೇಳಲಾರೆ. ಅವನ ಮಾತು ಆ ಹೊತ್ತಿಗೆ ಬಹಳ ಸರಿ ಕಂಡಿತು. ಎದುರಿಗೆ ಇಡೀ ವಾರ್ಡು ಕೂತಿದೆ. ಹದಿನೆಂಟು ಎಂದರೆ ಪಾಯಸ, ಹದಿನಾಲ್ಕು ಎಂದರೆ ನಾನೇ ಹುಟ್ಟಿಸಿದ ಕೂಸನ್ನು ನಾನೇ ಬಾವಿಗೆ ಹಾಕಿದ ಹಾಗೆ. ಮತ್ತೆ, ತಪ್ಪು ನನ್ನದೇ ಇರಬಹುದಲ್ಲ? ನಾಲ್ಕು ಚೀಟಿ ನಾನೇ ಎಲ್ಲೋ ಬಿಟ್ಟಿರಬಹುದಲ್ಲ? ಬಾಯಿ ತೆರೆದೆ. ಅಂಗಡಿಯಲ್ಲಿ ಗಿರಾಕಿಯ ಮುಂದೆ ಮಾತ್ರೆ ಸುರಿದಾಗ ಎಷ್ಟಿದೆಯೋ ಅಷ್ಟೇ ಬಾಯಿಗೆ ಬರುತ್ತದೆ. ಅದು ಧೈರ್ಯವಲ್ಲ, ರೂಢಿ.

"ತಿಪ್ಪೇರುದ್ರಣ್ಣನವರಿಗೆ ನಾನೂರ ಹದಿನಾಲ್ಕು. ಯಂತ್ರ ಹೇಳಿದ್ದಕ್ಕಿಂತ ನಾಲ್ಕು ಕಮ್ಮಿ. ಯಾಕೆ ಅಂತ ಗೊತ್ತಿಲ್ಲ."

ಪುರಿ ಅಗಿಯುವ ಶಬ್ದ ನಿಂತಿತು. ತಿಪ್ಪೇರುದ್ರಣ್ಣ ನಿಧಾನವಾಗಿ ಎದ್ದರು. "ನಾನು ಆಗ್ಲೇ ಹೇಳಿರ್ಲಿಲ್ವಾ? ಈಗ ನೋಡಿ, ನನ್ನ ನಾಲ್ಕು ವೋಟು ಕಳೆದು ಹಾಕಿದ್ರು. ಆಯ್ತಮ್ಮ, ಕಾರಣ ಹುಡುಕು. ಸೂರ್ಯ ಇನ್ನೂ ಮೇಲಿದ್ದಾನೆ."

ಕಳೆದುಹೋದ ಕಾಗದವನ್ನು ಎಲ್ಲಿ ಹುಡುಕಬೇಕೆಂದು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು. ಬಲೆಯಲ್ಲಿ ಒಂದು ಕಡೆ ನಿಜವಾಗಿಯೂ ಕೈ ತೂರುವಷ್ಟು ಹರಿದಿತ್ತು. "ಅಲ್ಲಿಂದ್ಲೇ ಹೋಗಿವೆ!" ಎಂದು ಹತ್ತು ಬಾಯಿ ಕೂಗಿದವು. ಕ್ಷಣದಲ್ಲಿ ಮನೆಗಳಿಂದ ದೋಟಿಗಳು ಬಂದವು, ಏಣಿ ಬಂತು, ಯಾರೋ ಮದುವೆ ಚಪ್ಪರದ ಗಳುಗಳನ್ನೇ ಹೊತ್ತು ತಂದರು. ಟೌನ್ ಹಾಲಿನ ಸೂರಿನ ಮೂಲೆಮೂಲೆಯನ್ನೂ ಕೆದಕಲು ಶುರುಮಾಡಿದರು. ಉದುರಿದ್ದು ಏನೇನು ಅಂತ! ಯಾರದೋ ಮದುವೆಯ ಅಡುಗೆ ಪಟ್ಟಿ, ಅದರಲ್ಲಿ ಬದನೆಕಾಯಿ ಮೇಲೆ ಮೂರು ಸಲ ಗೀಟು. ನಾಟಕದ ಸಂಭಾಷಣೆ. "ಇನ್ನು ಮೇಲೆ ಕುಡಿಯುವುದಿಲ್ಲ" ಎಂದು ಒಬ್ಬರು ಬರೆದುಕೊಟ್ಟದ್ದು. ಅವರು ಅಲ್ಲೇ ಇದ್ದರು, ಚೀಟಿ ಕಸಿದುಕೊಂಡು ನುಂಗಿಯೇ ಬಿಟ್ಟರು. ಖಾದರ್ ಸಾಹೇಬರ ರಾಜೀನಾಮೆ ಪತ್ರವೂ ಉದುರಿತು.

"ಇದು ಯಾವಾಗ ಬರೆದದ್ದು ಸಾಹೇಬ್ರೇ?" ಎಂದು ಲಿಲ್ಲಿ ಟೀಚರ್ ಕನ್ನಡಕ ಏರಿಸಿದರು.

"ಹಂದಿ ಗಲಾಟೆ ಆಯ್ತಲ್ಲ, ಆ ವರ್ಷ. ಮೇಜಿನ ಮೇಲಿಟ್ಟು ನೀರು ಕುಡಿಯೋಕೆ ಹೋಗಿದ್ದೆ, ಬರೋದ್ರೊಳಗೆ ಇರಲಿಲ್ಲ. ದೇವರಿಗೇ ಇಷ್ಟ ಇಲ್ಲ ಅಂದ್ಕೊಂಡು ಸುಮ್ಮನಾದೆ."

ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಸೂರ್ಯನ ಲೆಕ್ಕ ಹಾಕುತ್ತಿದ್ದೆ. ಕಿಟಕಿಯ ಬೆಳಕು ಹಳದಿಯಾಗಿ, ಗೋಡೆಯ ಬುಡದಿಂದ ನಡುವಿಗೆ ಏರಿತ್ತು. ಹೊರಗೆ ಹುಣಸೆಮರದ ನೆತ್ತಿಯಲ್ಲಿ ಏನೋ ಬಿಳಿಯದು ಕಂಡಿತೆಂದು ಒಂದು ಗುಂಪು ಓಡಿತು. ಅದು ಕೊಕ್ಕರೆ, ಅದೂ ಹಾರಿಹೋಯಿತು. ನಾನು ಮಣೆ ಹೊತ್ತುಕೊಂಡು ಹಾಲಿನ ಒಂದೊಂದು ತೊಲೆಯ ಕೆಳಗೂ ನಿಂತು, ತಲೆ ಎತ್ತಿ ಎತ್ತಿ ನೋಡಿದೆ. ಬೆಳಗ್ಗಿನಿಂದ ಮೇಲೆ ನೋಡಿ ನೋಡಿ ಕತ್ತು ಕಟ್ಟಿಗೆಯಾಗಿತ್ತು. ಒಂದು ಹೊತ್ತಿನಲ್ಲಿ ಅದು ಕಳಕ್ ಎಂದು ಹಿಡಿದುಕೊಂಡು, ನೋವಿಗೆ ಕಣ್ಣು ಕತ್ತಲೆಯಾಗಿ, ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕೂತೆ.

ಅತ್ತೆ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಬಂದರು. ಅವರ ಸೊಂಟದ ಚೀಲದಲ್ಲಿ ಯಾವಾಗಲೂ ಹರಳೆಣ್ಣೆಯ ಸೀಸೆ ಇರುತ್ತದೆ. "ಕುಳ್ಳಿಗೆ ಆಕಾಶದ ಆಸೆ. ತಲೆ ಬಗ್ಸು."

"ಆಗಲ್ಲ ಅತ್ತೆ, ನೋವು."

"ಬಗ್ಸು ಅಂದ್ರೆ ಬಗ್ಸು!" ಎಂದು ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು, ಹಿಟ್ಟು ಒತ್ತಿದ ಹಾಗೆ ಒತ್ತಿದರು. ಗದ್ದ ಎದೆಗೆ ತಾಗಿತು. ಅವರು ಕತ್ತಿನ ಹಿಂಭಾಗಕ್ಕೆ ಎಣ್ಣೆ ಸುರಿದು ತಿಕ್ಕುತ್ತಿದ್ದರೆ ನನಗೆ ನೋಡಲು ಸಿಗುತ್ತಿದ್ದದ್ದು ನನ್ನ ಮಡಿಲು, ನೆಲ, ಆಮೇಲೆ ಪಕ್ಕದಲ್ಲಿದ್ದ ಪೆಟ್ಟಿಗೆಯ ಒಳಗು. ಬೆಳಗ್ಗೆ ಮುಚ್ಚಳ ತೆರೆದಾಗಿನಿಂದ ಅದರೊಳಗೆ ಯಾರೂ ಇಣುಕಿರಲಿಲ್ಲ. ಎಲ್ಲ ಎದ್ದು ಹೋದ ಮೇಲೆ ಇಣುಕುವುದೇನು?

ತಳದಲ್ಲಿ ಏನೋ ಬೆಳ್ಳಗಿತ್ತು.

ಕೈ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಹಿಂಬದಿಯಲ್ಲಿ ನಗರಸಭೆಯ ಮೊಹರು. ಮುಂದೆ ಅಚ್ಚಾದ ಎರಡು ಹೆಸರು. ಗೀರಿಲ್ಲ. ಪೆನ್ನು ತಾಗಿಯೇ ಇಲ್ಲ. ಅಂಗೈ ಮೇಲಿಟ್ಟರೆ ಸುಮ್ಮನೆ ಮಲಗಿದ್ದವು.

"ನಂಜುಂಡಾ!" ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ದೋಟಿಗಳೆಲ್ಲ ಕೆಳಗಿಳಿದವು. ಖಾದರ್ ಸಾಹೇಬರು ಚೀಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನಗರಸಭೆಯ ಜವಾನರು ಹಿಂದಿನಿಂದ ಇಣುಕಿ, "ಇದಾ? ಹೋದ ಸಲಾನೂ ಎಲ್ಲಾ ಪೆಟ್ಟಿಗೇಲೂ ಒಂದಷ್ಟು ಇದ್ವಲ್ಲ. ಮಿಕ್ಕ ಚೀಟಿ ಅಂದ್ಕೊಂಡು ಬಿಸಿನೀರಿನ ಒಲೆಗೆ ಹಾಕಿದ್ವಿ" ಎಂದರು. ಯಾರಿಗೂ ಅವರ ಮೇಲೆ ಸಿಟ್ಟು ಬರಲಿಲ್ಲ. ನಾವಿದ್ದರೂ ಒಲೆಗೇ ಹಾಕುತ್ತಿದ್ದೆವು.

ತಿಪ್ಪೇರುದ್ರಣ್ಣ ಬಿಡಲಿಲ್ಲ. "ಅಲ್ರೀ, ಖಾಲಿ ಚೀಟಿಗೂ ನನ್ನ ನಾಲ್ಕು ವೋಟಿಗೂ ಏನು ಸಂಬಂಧ? ನನ್ನ ನಾಲ್ಕು ಎಲ್ಲೋ ಹಾರಿದಾವೆ. ಇವು ಬೇರೆ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ನನಗೆ ಮತ್ತೆ ಅನುಮಾನ ಶುರುವಾಯಿತು. ಖಾದರ್ ಸಾಹೇಬರು ಗಡ್ಡ ನೀವಿಕೊಂಡು ಯಂತ್ರದ ಕಡೆ ನೋಡಿದರು. ನಂಜುಂಡ ಹೊಸ ಚೀಟಿಯ ಕಂತೆಯಿಂದ ಒಂದು ಖಾಲಿ ಚೀಟಿ ತಂದ. ಸಾಹೇಬರು ಅದನ್ನು ಎತ್ತಿ ಹಿಡಿದು ಎಲ್ಲರಿಗೂ ಎರಡೂ ಬದಿ ತೋರಿಸಿ, ಯಂತ್ರದ ಬಾಯಿಗಿಟ್ಟರು. ಅದು ಗುರ್ ಎಂದಿತು. ಸ್ವಲ್ಪ ಯೋಚಿಸಿದ ಹಾಗೆ ಮಾಡಿತು. ಆಮೇಲೆ ಪರದೆಯ ಮೇಲೆ, ಪಟ್ಟಿಯಲ್ಲಿ ಮೊದಲಿದ್ದ ಹೆಸರಿಗೆ, ಅಂದರೆ ತಿಪ್ಪೇರುದ್ರಣ್ಣನಿಗೆ, ಒಂದು ಏರಿಸಿತು.

ಸಭೆ ಗೊಳ್ಳೆಂದು ನಕ್ಕಿತು. "ಇನ್ನೊಂದು ಹಾಕಿ! ಇನ್ನೊಂದು!" ಇನ್ನೊಂದು ಹಾಕಿದರು. ಇನ್ನೊಂದು ಏರಿತು. ಯಾರೋ ಕಡ್ಲೆಪುರಿಯ ಪೊಟ್ಟಣದ ಬಿಳಿ ಕಾಗದ ಸವರಿ ಸಪಾಟು ಮಾಡಿ ಕೊಟ್ಟರು. ಯಂತ್ರ ಅದನ್ನೂ ತಿಪ್ಪೇರುದ್ರಣ್ಣನ ಲೆಕ್ಕಕ್ಕೆ ಹಾಕಿತು.

"ಗೊತ್ತಿಲ್ಲ ಅನ್ನೋಕೆ ಬರಲ್ಲ ಇದಕ್ಕೆ," ಎಂದ ನಂಜುಂಡ. "ಥೇಟ್ ನಮ್ಮ ಭಾವ. ದಾರಿ ಕೇಳಿದ್ರೆ ಯಾವುದಾದ್ರೂ ಒಂದು ಕಡೆ ಕೈ ತೋರಿಸ್ಲೇಬೇಕು."

ಖಾದರ್ ಸಾಹೇಬರು ಕಿಟಕಿಗೆ ಬೆನ್ನು ಮಾಡಿ ನಿಂತು, ಬೆಳಕು ಇನ್ನೂ ಇದೆ ಎಂಬುದನ್ನು ಎಲ್ಲರಿಗೂ ಕೈ ಮಾಡಿ ತೋರಿಸಿದರು. "ಕಾರಣ ಸಿಕ್ಕಿದೆ. ತಿಪ್ಪೇರುದ್ರಣ್ಣನವರಿಗೆ ನಾನೂರ ಹದಿನಾಲ್ಕು. ಲಿಲ್ಲಿ ಟೀಚರಿಗೆ ನಾನೂರ ಹದಿಮೂರು. ಯಾರಿಗೂ ಬೇಡ ಅಂದವರು ನಾಲ್ಕು. ಒಂದು ವೋಟಿನಿಂದ ತಿಪ್ಪೇರುದ್ರಣ್ಣ ಗೆದ್ದಿದ್ದಾರೆ. ಕೈ ಎಣಿಕೆ ಕಾಯ್ದೆ ಕಾಯಂ."

ಆ ಗದ್ದಲದಲ್ಲಿ ನನ್ನನ್ನು ಯಾರೋ ಮಣೆಯ ಸಮೇತ ಎತ್ತಿದರು, ಬಲೆ ಮುಖಕ್ಕೆ ಬಡಿಯಿತು. ಕೆಳಗಿಳಿಸಿ ಎಂದು ಬೇಡಿಕೊಂಡೆ. ಲಿಲ್ಲಿ ಟೀಚರ್ ಕೊಡೆಯಿಂದ ನೆಲ ಕುಟ್ಟಿ, "ಒಂದೇ ಒಂದು! ಇಷ್ಟು ವರ್ಷ ಪಾಠ ಮಾಡಿ ಈ ಊರಿಗೆ ಒಂದನ್ನ ಕೂಡಿಸೋದು ಕಲಿಸ್ಲಿಲ್ಲ ನೋಡಿ ನಾನು" ಎಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಯಾರಪ್ಪಾ ಆ ನಾಲ್ಕು ಜನ?" ಎಂದು ತರಗತಿಯಲ್ಲಿ ಕೇಳುವ ಧಾಟಿಯಲ್ಲೇ ಕೇಳಿದರು.

ಹೇಳಬೇಕೆಂದು ಯಾವ ಕಾನೂನೂ ಇಲ್ಲ. ಆದರೂ ಅತ್ತೆ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಒಂದು ನಂದು" ಎಂದುಬಿಟ್ಟರು.

"ಸಿದ್ದವ್ವ! ನೀವಾ? ಒಂದು ಗೀರು ಎಳೆದಿದ್ರೆ ನಾನು ಸಮಕ್ಕೆ ಬರ್ತಿದ್ದೆ."

"ನನ್ನ ಮಗನ್ನ ಇಡೀ ದಿನ ಬೆಂಚಿನ ಮೇಲೆ ನಿಲ್ಸಿದ್ದಿರಿ, ಮರೆತ್ರಾ? ನಿಮಗೆ ಹಾಕ್ಲಿಲ್ಲ. ಇವ್ನು ಚರಂಡಿಗೆ ಕಲ್ಲು ಮುಚ್ಚಿಸ್ತೀನಿ ಅಂತ ಹೇಳಿ ನನ್ನ ಕಾಲು ಮುರಿಸ್ದ. ಇವ್ನಿಗೂ ಹಾಕ್ಲಿಲ್ಲ. ನನ್ನ ಸಿಟ್ಟು ಇಷ್ಟು ದಿನ ಬಿಸಿನೀರಿನ ಒಲೆಗೆ ಹೋಗ್ತಿತ್ತು ಅಂತ ಇವತ್ತು ಗೊತ್ತಾಯ್ತು. ಇವತ್ತು ಲೆಕ್ಕಕ್ಕೆ ಬಂತಲ್ಲ, ಸಾಕು."

ಅವರ ಮಾತು ಕೇಳಿ, ಸೋಡಾ ಮಾರುವ ಮುದುಕರೊಬ್ಬರು ಎದ್ದು ಇನ್ನೊಂದು ತಮ್ಮದು ಎಂದರು. ಆಮೇಲೆ ಒಬ್ಬೊಬ್ಬರೇ ಎದ್ದರು. ಕೊನೆಗೆ ನಾಲ್ಕು ಖಾಲಿ ಚೀಟಿಗೆ ಹನ್ನೊಂದು ಜನ ವಾರಸುದಾರರಾದರು. ಯಾರು ನಿಜ ಹೇಳುತ್ತಿದ್ದಾರೆಂದು ಕಂಡುಹಿಡಿಯುವ ಕೆಲಸ ನನ್ನದಲ್ಲವೆಂದು ತಿಳಿದು ನನಗೆ ಬಹಳ ಸಮಾಧಾನವಾಯಿತು. ಆ ಸಂಜೆ ಪಾಯಸಕ್ಕೆ ಬೆಲ್ಲ ಸಾಲದೆ ಎದುರು ಬೀದಿಯಿಂದ ತರಿಸಿದರು. ತಿಪ್ಪೇರುದ್ರಣ್ಣ ಹಾರ ಹಾಕಿಸಿಕೊಂಡರು, ಆದರೆ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಐದರಲ್ಲಿ ಗೆದ್ದವನ ನಿದ್ದೆಯೇ ಬೇರೆ, ಒಂದರಲ್ಲಿ ಗೆದ್ದವನ ನಿದ್ದೆಯೇ ಬೇರೆ.

ಅದು ಎಷ್ಟು ಬೇರೆ ಎಂಬುದು ಮಾರನೇ ಬೆಳಗ್ಗೆ ಗೊತ್ತಾಯಿತು. ಅಂಗಡಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಅಂಗಳ ತುಂಬಿ ಸಾಲು ಬೀದಿಗೆ ಬಂದಿತ್ತು. ಎಂದೂ ಅವರ ಮನೆಯ ಮೆಟ್ಟಿಲು ಹತ್ತದವರು, ಎದುರಿಗೆ ಬಂದರೆ ಸರಿದು ನಿಲ್ಲುತ್ತಿದ್ದವರು, ಇವತ್ತು ತಲೆ ಎತ್ತಿ ನಿಂತಿದ್ದರು. ಜಗುಲಿಯ ಮೇಲೆ ತಿಪ್ಪೇರುದ್ರಣ್ಣ ಟವೆಲ್ಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

"ನೋಡಿ ಅಣ್ಣಾವ್ರೇ, ಆ ಒಂದು ವೋಟು ನಂದು," ಎನ್ನುತ್ತಿದ್ದಳು ಹೂವು ಕಟ್ಟುವ ಹೆಂಗಸು. "ನಾನು ಅವತ್ತು ಬರದೇ ಹೋಗಿದ್ರೆ ನಿಮ್ಮ ಗತಿ? ನಮ್ಮ ಬೀದಿ ನಲ್ಲಿ ನೋಡಿ."

"ಆಯ್ತಮ್ಮ, ನೋಡ್ತೀನಿ."

"ನೋಡ್ತೀನಿ ಅಲ್ಲ. ಇವತ್ತೇ."

"ಇವತ್ತೇ, ಇವತ್ತೇ."

ಅವಳ ಹಿಂದಿನವನು, "ಅವಳದು ಎಲ್ಲಿ ಬಂತು? ಆ ಒಂದು ನಂದು. ಕಾಲು ಉಳುಕಿದ್ರೂ ಕುಂಟ್ಕೊಂಡು ಬಂದು ಹಾಕಿದ್ದೆ" ಎಂದ. ಅವನ ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ. ನಾನೂರ ಹದಿನಾಲ್ಕರಲ್ಲಿ ಯಾವುದನ್ನು ತೆಗೆದರೂ ತಿಪ್ಪೇರುದ್ರಣ್ಣ ಗೆಲ್ಲುತ್ತಿರಲಿಲ್ಲ. ಒಬ್ಬೊಬ್ಬರು ಹೇಳುತ್ತಿದ್ದದ್ದೂ ನಿಜವೇ ಆಗಿತ್ತು.

ನಾನು ಹಾದು ಹೋಗಬೇಕೆಂದಿದ್ದೆ. ಸಾಲಿನ ಕೊನೆಗೆ ಬಂದಾಗ ಕಾಲು ನಿಂತಿತು. ವೋಟಿನ ದಿನ ಮರೆಯ ಹಿಂದೆ ನಾನು ಬಹಳ ಹೊತ್ತು ಪೆನ್ನು ಹಿಡಿದು ನಿಂತಿದ್ದೆ, ಹೊರಗಿನವರು "ಒಳಗೆ ನಿದ್ದೆ ಹೋದ್ರಾ?" ಎಂದು ಕೂಗುವವರೆಗೂ. ಲಿಲ್ಲಿ ಟೀಚರ್ ಒಳ್ಳೆಯವರು. ತಿಪ್ಪೇರುದ್ರಣ್ಣ ನನ್ನ ಕಾಯ್ದೆಯ ವೈರಿ. ಆದರೆ ಆಸ್ಪತ್ರೆಯ ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸಿದವರು ಅವರೇ, ಪ್ರತಿದಿನ ಅಂಗಡಿಯಿಂದ ಅದು ನನಗೆ ಕಾಣುತ್ತದೆ. ಕಣ್ಣು ಮುಚ್ಚಿ ಗೀರೆಳೆದಿದ್ದೆ. ಆಮೇಲೆ ಮನೆವರೆಗೂ ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಒದ್ದಾಡಿದ್ದೆ. ಸಾಲಿನಲ್ಲಿ ನಿಂತೆ. ಅಂಗಡಿಗೆ ತಡವಾಗುತ್ತಿತ್ತು, ಆದರೂ ನಿಂತೆ.

ನನ್ನನ್ನು ಕಂಡು ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಬಾರಮ್ಮ, ಚೆನ್ನಾಜಿ. ನಿನ್ನಿಂದ ಆದ ಉಪಕಾರ ನೋಡು. ಬೆಳಗ್ಗೆ ಕಾಫಿ ಕೂಡ ಕುಡಿದಿಲ್ಲ ನಾನು. ಇನ್ನೇನು ಬಾಕಿ?"

"ಆ ಒಂದು ವೋಟು ನಂದು," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನಿಂದಾ? ನನಗಾ?"

"ಹೂಂ."

"ನಾನು ನಿನ್ನ ಕಾಯ್ದೆ ಮುಳುಗಿಸೋಕೆ ನೋಡಿದ್ನಲ್ಲಮ್ಮ."

"ಇಳಿಜಾರು ಕಟ್ಸಿದ್ರಲ್ಲ ಆಸ್ಪತ್ರೆಗೆ."

ಅವರು ಹೆಗಲಿನ ಟವೆಲ್ಲನ್ನು ಎಳೆದು ಮತ್ತೆ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು, "ನಿನ್ನ ಬೀದಿಗೆ ಏನಾಗಬೇಕು?"

"ಬೀದಿಗೆ ಅತ್ತೆ ಬಂದು ಕೇಳ್ತಾರೆ. ನಂಗೆ ಬೇಕಾದ್ದು, ಮುಂದಿನ ಸಲ ಎಲ್ಲಾ ವಾರ್ಡೂ ಎಣಿಸ್ಬೇಕು. ಪೆಟ್ಟಿಗೆ ತಳಾನೂ ನೋಡ್ಬೇಕು ಅಂತ ಕಾಯ್ದೆಗೆ ಸೇರಿಸ್ಬೇಕು. ಸಭೆಯಲ್ಲಿ ನೀವೇ ಎದ್ದು ಹೇಳ್ಬೇಕು."

"ಒಂದು ವಾರ್ಡು ಎಣಿಸಿದ್ದಕ್ಕೇ ನನ್ನ ಅಂಗಳ ಹೀಗಾಗಿದೆ. ಎಲ್ಲಾ ವಾರ್ಡೂ ಎಣಿಸಿದ್ರೆ ಊರಲ್ಲಿ ಒಬ್ಬ ಸದಸ್ಯನಾದ್ರೂ ಕೂತು ಕಾಫಿ ಕುಡೀತಾನೇನಮ್ಮ?"

"ನಿಂತ್ಕೊಂಡು ಕುಡೀಲಿ," ಎಂದೆ. ನನ್ನ ಬಾಯಿಂದಲೇ ಬಂತು ಅದು.

ತಿಪ್ಪೇರುದ್ರಣ್ಣ ಮೊದಲ ಬಾರಿಗೆ ನಕ್ಕರು. ನಗುತ್ತ ನಗುತ್ತ ಕಂಬ ಹಿಡಿದು ಎದ್ದು ನಿಂತರು, ಒಳಗಿನಿಂದ ಬಂದ ಲೋಟವನ್ನು ನಿಂತುಕೊಂಡೇ ಬರಿದು ಮಾಡಿದರು, "ಆಯ್ತು, ಹೇಳ್ತೀನಿ" ಎಂದರು. ನಾನು ಮೆಟ್ಟಿಲಿಳಿದು ಬೀದಿ ತಿರುವಿನವರೆಗೆ ಹೋಗಿದ್ದೆ. ಹಿಂದಿನಿಂದ ಅವರ ದನಿ ಕೇಳಿಸಿತು.

"ಸರಿ, ಮುಂದಿನವರು ಬನ್ನಿ. ಆ ಒಂದು ವೋಟು ಇನ್ಯಾರದ್ದಪ್ಪಾ?"

ತಿರುಗಿ ನೋಡಿದೆ. ಅಂಗಳದಲ್ಲಿದ್ದವರೆಲ್ಲ ಕೈ ಎತ್ತಿದ್ದರು.